ವಾರ್ಡ್ ಇನ್‌ಚಾರ್ಜ್ ಕೆಲಸದಲ್ಲಿ ನಿರ್ವಹಣೆ ಎಷ್ಟು, ನಾಯಕತ್ವ ಎಷ್ಟು?

ಹೇಮಾವತಿ_ವಾರ್ಡ್ (ಹಾಸನ) — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ 30 ಹಾಸಿಗೆಯ ಮೆಡಿಕಲ್ ವಾರ್ಡ್‌ಗೆ ನನ್ನನ್ನು ಇನ್‌ಚಾರ್ಜ್ ಮಾಡಿದ್ದಾರೆ. ಬೆಳಿಗ್ಗೆ 5, ಮಧ್ಯಾಹ್ನ 4, ರಾತ್ರಿ 3 ಜನ ಇರಬೇಕು ಅಂತ ಆಡಳಿತದವರೇ ಒಪ್ಪಿದ್ದಾರೆ. ಪಟ್ಟಿಯಲ್ಲಿ ಇರೋದು ಒಟ್ಟು 13 ಜನ. ರೋಸ್ಟರ್ (ಪಾಳಿ ಪಟ್ಟಿ), ಇಂಡೆಂಟ್ (ಸಾಮಾನಿನ ಬೇಡಿಕೆ ಚೀಟಿ), ಸ್ಟಾಕ್ ರಿಜಿಸ್ಟರ್, ಬಿಲ್ಲಿಂಗ್‌ನವರ ಫೋನು, ರೋಗಿ ಕಡೆಯವರ ದೂರು, ಇಷ್ಟರಲ್ಲೇ ಪಾಳಿ ಮುಗಿಯುತ್ತೆ. ಇದಕ್ಕೆ ಮೇಲಿನವರು ಹೇಳೋದು, "ಮ್ಯಾನೇಜ್ ಮಾಡ್ತಿದ್ದೀರಿ, ಲೀಡ್ ಮಾಡ್ತಿಲ್ಲ" ಅಂತ.

ನನಗೆ ಬೇಕಿರೋದು ಪುಸ್ತಕದ ವ್ಯಾಖ್ಯಾನ ಅಲ್ಲ. ಒಂದು ಪಾಳಿಯಲ್ಲಿ ಯಾವ ಕೆಲಸ ನಿರ್ವಹಣೆ, ಯಾವುದು ನಾಯಕತ್ವ? ಎರಡನ್ನೂ ಒಬ್ಬರೇ ಮಾಡೋಕಾಗುತ್ತಾ? ಮೊದಲು ಯಾವುದನ್ನು ಹಿಡಿಯಬೇಕು? ತಿಳಿದವರು ವಿವರವಾಗಿ ಬರೆಯಿರಿ.

---

ಕ್ಲಿನಿಕಲ್_ಪಾಠ (ಚಿಕ್ಕಮಗಳೂರು)

ಸಿಸ್ಟರ್, ಮೊದಲು ಆ 13ರ ಲೆಕ್ಕ ನೋಡೋಣ. ಅದು ಸರಿಯಾಗದೆ ನಾಯಕತ್ವದ ಬಗ್ಗೆ ಎಷ್ಟು ಮಾತಾಡಿದರೂ ವ್ಯರ್ಥ.

ದಿನಕ್ಕೆ 5, 4, 3 ಸೇರಿ 12 ಡ್ಯೂಟಿ. ಒಬ್ಬರಿಗೆ ವರ್ಷಕ್ಕೆ ವಾರದ ರಜೆ 52. ಸಿ.ಎಲ್., ಇ.ಎಲ್., ಹಬ್ಬ, ಕಾಯಿಲೆ, ತರಬೇತಿ ಎಲ್ಲ ಸೇರಿ ಇನ್ನೊಂದು 45 ಅಂತ ಹಿಡಿಯಿರಿ. 365ರಲ್ಲಿ 97 ಹೋದರೆ ಉಳಿಯೋದು 268 ದಿನ. 365ನ್ನು 268ರಿಂದ ಭಾಗಿಸಿದರೆ 1.36. ಅದನ್ನು 12ಕ್ಕೆ ಗುಣಿಸಿದರೆ 16.3. ಅಂದರೆ 17 ಜನ ಬೇಕು. ನೈಟ್ ಮುಗಿಸಿದವರಿಗೆ ಪ್ರತ್ಯೇಕ ನೈಟ್ ಆಫ್ ಕೊಡುವ ಪದ್ಧತಿ ಇದ್ದರೆ ಇನ್ನೂ ಹೆಚ್ಚು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಗೆ 5 ರೋಗಿಗೆ ಒಬ್ಬರು, ಬೋಧನಾ ಆಸ್ಪತ್ರೆಗೆ 3ಕ್ಕೆ ಒಬ್ಬರು ಅನ್ನುತ್ತೆ. ಅದರ ಮೇಲೆ ರಜೆಗಾಗಿ ಶೇ. 30 ಹೆಚ್ಚುವರಿ. ನಿಮ್ಮ 12ಕ್ಕೆ ಬರೀ ಆ ಶೇ. 30 ಸೇರಿಸಿದರೂ 16 ಆಗುತ್ತೆ.

ಈಗಿನ ಸ್ಥಿತಿ ಹೇಗಿದೆ ನೋಡಿ: 13 ಜನರಲ್ಲಿ ದಿನಾ 12 ಜನ ಡ್ಯೂಟಿಯಲ್ಲಿದ್ದರೆ ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ರಜೆ. ವಾರದಲ್ಲಿ 7 ರಜೆ ಸಿಗುತ್ತೆ, ಬೇಕಾಗಿರೋದು 13. ಮಿಕ್ಕ ಆರು ಜನರ ರಜೆಯನ್ನು ಪ್ರತಿ ವಾರ ನುಂಗಿಯೇ ನಿಮ್ಮ ರೋಸ್ಟರ್ ತುಂಬುತ್ತಿದೆ. ಇಲ್ಲವೇ ರಾತ್ರಿ ಮೂವರ ಜಾಗದಲ್ಲಿ ಇಬ್ಬರು ನಿಲ್ಲುತ್ತಿದ್ದಾರೆ. ಜನ ಬಿಟ್ಟು ಹೋಗೋದು ಇಂಥ ಕಡೆಯಿಂದಲೇ.

ಇಲ್ಲಿಯವರೆಗಿನದು ನಿರ್ವಹಣೆ. ಲೆಕ್ಕ, ದಾಖಲೆ, ಹಂಚಿಕೆ. ಇದೇ ಕಾಗದ ಹಿಡಿದು ಅಧೀಕ್ಷಕರ ಮುಂದೆ ಕೂತು, "ನಾಲ್ಕು ಜನ ಬರುವವರೆಗೆ ಆರು ಹಾಸಿಗೆ ತುಂಬಿಸಬೇಡಿ, ಅದಾಗದಿದ್ದರೆ ಬೇರೆ ವಾರ್ಡಿಂದ ರಾತ್ರಿಗೆ ಒಬ್ಬರನ್ನು ಕೊಡಿ, ಎರಡರಲ್ಲಿ ಯಾವುದು ಅಂತ ಬರವಣಿಗೆಯಲ್ಲಿ ತಿಳಿಸಿ" ಅಂತ ಕೇಳೋದು ನಾಯಕತ್ವ. ಎರಡೂ ಮಾಡೋದು ಒಬ್ಬರೇ, ಒಂದೇ ಮಧ್ಯಾಹ್ನದಲ್ಲಿ. ಬಿ.ಎಸ್ಸಿ. ನರ್ಸಿಂಗ್‌ನ ಈಗಿನ ಪಠ್ಯಕ್ರಮದಲ್ಲಿ ಇವೆರಡನ್ನೂ ಆರನೇ ಸೆಮಿಸ್ಟರ್‌ನಲ್ಲಿ ಒಂದೇ ವಿಷಯವಾಗಿ ಇಟ್ಟಿರೋದು ಸರಿಯಾಗಿಯೇ ಇದೆ. ಆದರೆ ಪರೀಕ್ಷೆಗೆ ಬರೆಸುವಾಗ ಎರಡು ಕಾಲಂ ಎಳೆದು, ಎಡಗಡೆಯವರು ಬರೀ ಕಾಗದ ನೋಡುವವರು, ಬಲಗಡೆಯವರು ಕನಸು ಕಾಣುವವರು ಅಂತ ಕಲಿಸುತ್ತಾರೆ. ಅದರಿಂದಲೇ ನಿಮಗೆ ಮೇಲಿನವರಿಂದ ಕೇಳಿಬಂದಂಥ ಮಾತು ಹುಟ್ಟೋದು. ನಿರ್ವಹಣೆ ಕೀಳು, ನಾಯಕತ್ವ ಮೇಲು ಅನ್ನೋದನ್ನು ನಾನು ಒಪ್ಪಲ್ಲ.

ವ್ಯತ್ಯಾಸ ಇರೋದು ಎರಡು ಕಡೆ. ಒಂದು, ಅಧಿಕಾರ ಎಲ್ಲಿಂದ ಬರುತ್ತೆ ಅನ್ನೋದರಲ್ಲಿ. ರೋಸ್ಟರ್ ಹಾಕುವ, ಇಂಡೆಂಟ್‌ಗೆ ಸಹಿ ಮಾಡುವ, ರಜೆ ಮಂಜೂರು ಮಾಡುವ ಅಧಿಕಾರ ಆರ್ಡರ್ ಕಾಪಿಯಿಂದ ಬರುತ್ತೆ, ಆ ಹುದ್ದೆಯಲ್ಲಿ ಇರುವವರಿಗೆ ಮಾತ್ರ. ರಾತ್ರಿ 2 ಗಂಟೆಗೆ "ಈ ರೋಗಿ ಸರಿ ಇಲ್ಲ, ಡಾಕ್ಟರನ್ನು ಈಗಲೇ ಕರೀರಿ" ಅನ್ನೋದಕ್ಕೆ ಯಾವ ಆರ್ಡರೂ ಬೇಡ. ಹೋದ ತಿಂಗಳು ಸೇರಿದ ಹುಡುಗಿಯೂ ಹೇಳಬಹುದು, ಹೇಳಲೇಬೇಕು. ಎರಡು, ಸೋತಾಗ ಹೇಗೆ ಕಾಣುತ್ತೆ ಅನ್ನೋದರಲ್ಲಿ. ನಿರ್ವಹಣೆ ಕೆಟ್ಟರೆ ಕಾಗದದಲ್ಲಿ ಸಿಕ್ಕಿಬೀಳುತ್ತೆ: ಅವಧಿ ಮುಗಿದ ಅಡ್ರಿನಲಿನ್, ಖಾಲಿ ಸಿಲಿಂಡರ್, ತುಂಬದ ಚಾರ್ಟ್. ನಾಯಕತ್ವ ಕೆಟ್ಟರೆ ಕಾಗದದಲ್ಲಿ ಏನೂ ಇರಲ್ಲ. ಮಾಡಬೇಕಾಗಿದ್ದ ಫೋನ್ ಯಾರೂ ಮಾಡಿರಲ್ಲ, ಅಷ್ಟೇ. ಆಡಿಟ್‌ನವರು ಬಂದರೆ ಆ ವಾರ್ಡ್‌ಗೆ ಒಳ್ಳೆ ಅಂಕವೇ ಬರಬಹುದು.

---

ಘಾಟಿ_ಬ್ರದರ್ (ಸಕಲೇಶಪುರ)

ಮೇಲಿನ ಮೇಡಂ ಹೇಳಿದ್ದಕ್ಕೆ ಎಮರ್ಜೆನ್ಸಿ ಕಡೆಯಿಂದ ಒಂದು ಉದಾಹರಣೆ. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು. 2025ರ ಜೂನ್–ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ಹಬ್ಬಿದ ಮೇಲೆ ಎದೆ ಚುಳ್ ಅಂದರೂ ಜನ ಹೆದರಿ ಬರ್ತಾರೆ, ಸಾಲು ಬೆಳೆಯುತ್ತೆ. ಚೀಟಿ ಮಾಡಿಸುವ ಕಿಟಕಿಯಲ್ಲೇ 10 ನಿಮಿಷ ಕಳೆದುಹೋಗುತ್ತೆ. ಬೆವರುತ್ತಿರುವವರು, ಎಡಗೈ ಅಥವಾ ದವಡೆ ನೋವು ಅನ್ನುವವರು, ಸಕ್ಕರೆ ಕಾಯಿಲೆ ಇದ್ದು ಬರೀ ಸುಸ್ತು, ಹೊಟ್ಟೆ ಮೇಲ್ಭಾಗದಲ್ಲಿ ಉರಿ ಅನ್ನುವ ವಯಸ್ಸಾದವರು — ಇವರನ್ನು ಚೀಟಿಗೆ ಮೊದಲೇ ಮಲಗಿಸಬೇಕು.

ಇದರಲ್ಲಿ ನಿರ್ವಹಣೆಯ ಪಾಲು: ಮಷೀನ್ ಚಾರ್ಜ್ ಆಗಿರಬೇಕು, ಪೇಪರ್ ರೋಲ್ ಒಂದು ಹೆಚ್ಚುವರಿ ಇರಬೇಕು, ಜೆಲ್, ರೇಜರ್ ಟ್ರಾಲಿಯಲ್ಲೇ ಇರಬೇಕು, ಲೀಡ್ (ಮೈಗೆ ಜೋಡಿಸುವ ತಂತಿ) ಎಲ್ಲೆಲ್ಲಿ ಅನ್ನುವ ಚಿತ್ರ ಮಷೀನ್ ಮೇಲೆ ಅಂಟಿಸಿರಬೇಕು. ಅವಸರದಲ್ಲಿ ಎಡಗೈ–ಬಲಗೈ ಲೀಡ್ ಅದಲುಬದಲಾದರೆ ಇ.ಸಿ.ಜಿ.ಯಲ್ಲಿ ಮೊದಲ ಲೀಡ್‌ನ ಗೆರೆ ತಲೆಕೆಳಗಾಗಿ ಬರುತ್ತೆ, ಓದುವವರು ದಾರಿ ತಪ್ಪುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೂ ಟೆನೆಕ್ಟೆಪ್ಲೇಸ್ (ಹೃದಯದ ರಕ್ತನಾಳದಲ್ಲಿನ ಹೆಪ್ಪು ಕರಗಿಸುವ ಔಷಧ) ಉಚಿತವಾಗಿ ಬರುತ್ತೆ. ಆ ಇಂಜೆಕ್ಷನ್ ಎಲ್ಲಿದೆ, ಕೀಲಿ ಯಾರ ಹತ್ತಿರ ಅಂತ ರಾತ್ರಿ ಪಾಳಿಯ ಎಲ್ಲರಿಗೂ ಗೊತ್ತಿರಬೇಕು. ಡೋಸ್ ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆ ಇದ್ದರೆ 30 ಮಿ.ಗ್ರಾಂ, 60ರಿಂದ 70ರೊಳಗೆ 35, 70ರಿಂದ 80ರೊಳಗೆ 40, 80ರಿಂದ 90ರೊಳಗೆ 45, 90 ಮತ್ತು ಮೇಲ್ಪಟ್ಟು 50. ಈ ಪಟ್ಟಿ ಗೋಡೆ ಮೇಲೆ, ತೂಕದ ಮಷೀನ್ ಅದೇ ಕೋಣೆಯಲ್ಲಿ. ಪುಡಿಗೆ ನೀರು ಹಾಕಿ ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು, ಇಲ್ಲದಿದ್ದರೆ ನೊರೆ ಬಂದು ಸರಿಯಾಗಿ ಎಳೆಯೋಕಾಗಲ್ಲ. ಡೆಕ್ಸ್ಟ್ರೋಸ್ ಹೋಗುತ್ತಿರುವ ಲೈನ್‌ನಲ್ಲಿ ಕೊಟ್ಟರೆ ಔಷಧ ಒಡೆದು ಗಟ್ಟಿಯಾಗುತ್ತೆ. ಮೊದಲು ನಾರ್ಮಲ್ ಸಲೈನ್‌ನಲ್ಲಿ ಲೈನ್ ತೊಳೆದು, ಇಂಜೆಕ್ಷನ್ ಒಂದೇ ಸಲಕ್ಕೆ 5 ಸೆಕೆಂಡ್‌ನಲ್ಲಿ ಕೊಟ್ಟು, ಮತ್ತೆ ಸಲೈನ್.

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದೂ ಕೆಲಸ ಕೆಡಬಹುದು. ಕೋಣೆಯಲ್ಲಿ ಐದು ಜನ ಸೇರಿರುತ್ತಾರೆ, ಎಲ್ಲರೂ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕೋಕೆ ನುಗ್ಗಿರುತ್ತಾರೆ, ಬಂದ ಸಮಯ ಯಾರೂ ಬರೆದಿರಲ್ಲ. ಆಗ ಒಬ್ಬರು ಒಂದು ಹೆಜ್ಜೆ ಹಿಂದೆ ನಿಂತು ಹೆಸರು ಹಿಡಿದು ಕೆಲಸ ಹೇಳಬೇಕು: "ನೀವು ಕ್ಯಾನುಲಾ. ನೀವು ತೂಕ, ಬಿ.ಪಿ. ನಾನು ಸಮಯ ಬರೀತೀನಿ. ಆದ ಕೂಡಲೇ ಗಟ್ಟಿಯಾಗಿ ಹೇಳಿ." ಅವರು ಸೀನಿಯರ್ ಆಗಿರಲೇಬೇಕು ಅಂತಿಲ್ಲ. ಅದೇ ಹೊತ್ತಿನಲ್ಲಿ ಬಾಗಿಲ ಹತ್ತಿರ ನಿಂತ ಮಗ, "ಹೋದ ತಿಂಗಳು ಅಪ್ಪನಿಗೆ ಬಾಯಿ ಸೊಟ್ಟಗಾಗಿ ಆಸ್ಪತ್ರೆಗೆ ಸೇರಿಸಿದ್ವಿ" ಅಂತ ಯಾರಿಗೋ ಹೇಳಿರ್ತಾನೆ. ಅದನ್ನು ಕೇಳಿಸಿಕೊಂಡ ಜೂನಿಯರ್, ಡಾಕ್ಟರ್ ಸಿರಿಂಜ್ ಕೈಯಲ್ಲಿ ಹಿಡಿದಿದ್ದರೂ "ಸರ್, ಒಂದು ನಿಮಿಷ ನಿಲ್ಲಿ, ಇವರಿಗೆ ಸ್ಟ್ರೋಕ್ ಆಗಿರಬಹುದು, ಮಗ ಈಗ ಹೇಳಿದರು" ಅನ್ನಬೇಕು. ಆ ಒಂದು ವಾಕ್ಯ ಬರದೇ ಹೋದರೆ, ಹೆಪ್ಪು ಕರಗಿಸುವ ಈ ಔಷಧದಿಂದ ತಲೆಯಲ್ಲಿ ರಕ್ತಸ್ರಾವ ಆಗಬಹುದು. ಇನ್‌ಚಾರ್ಜ್ ಆ ಹೊತ್ತಿಗೆ ಮನೆಯಲ್ಲಿರಬಹುದು. ಆದರೆ ಆ ಹುಡುಗಿ ಬಾಯಿ ಬಿಟ್ಟಳೋ ಇಲ್ಲವೋ ಅನ್ನೋದು, ಅವಳ ಹಿಂದಿನ ಪ್ರಶ್ನೆಗಳಿಗೆ ಇನ್‌ಚಾರ್ಜ್ ಹೇಗೆ ಉತ್ತರ ಕೊಟ್ಟಿದ್ದರು ಅನ್ನೋದರ ಮೇಲೆ ನಿಂತಿರುತ್ತೆ.

ಇನ್ನೆರಡು ಚುಟುಕಾಗಿ.

ಹಾವು ಕಡಿತ ನಮ್ಮ ಕಡೆ ತೋಟದ ಕೆಲಸದ ದಿನಗಳಲ್ಲಿ ಮಾಮೂಲು. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬೇಕಾದ್ದು ಶುದ್ಧ, ಒಣಗಿದ, ಗಾಜಿನ ಟ್ಯೂಬ್. ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬ್ ಅಥವಾ ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ ವಿಷ ಇಲ್ಲದಿದ್ದರೂ ರಕ್ತ ಹೆಪ್ಪುಗಟ್ಟದೆ ಉಳಿಯಬಹುದು, ಸುಮ್ಮನೆ 10 ವಯಲ್ ಆ್ಯಂಟಿವೆನಮ್ ಹೋಗುತ್ತೆ. ಟ್ಯೂಬ್‌ನಲ್ಲಿ 2 ಮಿ.ಲೀ. ರಕ್ತ ಹಾಕಿ ಅಲ್ಲಾಡಿಸದೆ ಇಟ್ಟು, 20 ನಿಮಿಷಕ್ಕೆ ಒಂದೇ ಸಲ ಓರೆ ಮಾಡಿ ನೋಡಬೇಕು. ಹೊಸ ಗಾಜಿನ ಟ್ಯೂಬ್ ತರಿಸಿ ಬೇರೆ ಡಬ್ಬಿಯಲ್ಲಿ ಇಡೋದು ಶುದ್ಧ ಇಂಡೆಂಟ್ ಕೆಲಸ. ಜೀವ ಅದರ ಮೇಲೆ ನಿಂತಿದೆ. ಅದಕ್ಕೇ ನಿರ್ವಹಣೆಯನ್ನು ಯಾರೂ ಹಗುರ ಮಾಡಬಾರದು ಅಂತ ನನ್ನ ಮಾತು.

ರೆಫರ್ ಮಾಡುವಾಗಿನ ಆಕ್ಸಿಜನ್ ಕೂಡ ಹಾಗೇ. ಬಿ ಟೈಪ್ ಸಿಲಿಂಡರ್ ಪೂರ್ತಿ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಮಣ್ಣು ಕುಸಿದು ಗಾಡಿ ನಿಂತರೆ ಮಂಗಳೂರು ಮುಟ್ಟುವಷ್ಟರಲ್ಲಿ ಮುಗಿದಿರುತ್ತೆ. ಹೊರಡುವ ಮೊದಲು ಲೆಕ್ಕ ಹಾಕಿ, "ಎರಡನೇ ಸಿಲಿಂಡರ್ ಹತ್ತಿಸದೆ ಗಾಡಿ ಬಿಡೋದು ಬೇಡ" ಅಂತ ಹೇಳುವವರೊಬ್ಬರು ಇರಲೇಬೇಕು.

---

ಡ್ಯೂಟಿ_ಡಾಕ್ಟರ್ (ಚಿಕ್ಕಮಗಳೂರು)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. "ಧೈರ್ಯವಾಗಿ ಹೇಳಿ" ಅಂತ ನರ್ಸ್‌ಗಳಿಗೆ ಉಪದೇಶ ಮಾಡುವುದು ಸುಲಭ. ಹೇಳಿದವರಿಗೆ ಬೈಗುಳ ಸಿಗುವ ಆಸ್ಪತ್ರೆಯಲ್ಲಿ ಆ ಧೈರ್ಯ ಒಂದು ವಾರ ಉಳಿಯುವುದಿಲ್ಲ. ಆದ್ದರಿಂದ ಯಾವಾಗ ಕರೆಯಬೇಕು ಎಂಬುದನ್ನು ವ್ಯಕ್ತಿಯ ಧೈರ್ಯಕ್ಕೆ ಬಿಡದೆ ನಿಯಮವಾಗಿ ಬರೆದಿಡಬೇಕು, ಅದಕ್ಕೆ ವೈದ್ಯರೂ ಸಹಿ ಹಾಕಿರಬೇಕು. ನಾಯಕತ್ವದ ಅರ್ಧ ಭಾರವನ್ನು ವ್ಯವಸ್ಥೆ ಹೊರಬೇಕು.

ರೋಗಿಯ ಸ್ಥಿತಿ ಹದಗೆಡುವುದನ್ನು ಬೇಗ ಗುರುತಿಸುವ ನ್ಯೂಸ್-2 (NEWS2) ಎಂಬ ಅಂಕಪಟ್ಟಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ್ದು. ಉಸಿರಾಟದ ವೇಗ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಪ್ರಮಾಣ), ಆಕ್ಸಿಜನ್ ಕೊಡಲಾಗುತ್ತಿದೆಯೇ, ಮೇಲಿನ ಬಿ.ಪಿ., ನಾಡಿ, ಪ್ರಜ್ಞೆ, ಜ್ವರ ಇವಕ್ಕೆ ಅಂಕ. ಒಂದು ಲೆಕ್ಕ ನೋಡಿ. ನ್ಯುಮೋನಿಯಾ ರೋಗಿ, ಎಚ್ಚರವಾಗಿ ಮಾತಾಡುತ್ತಿದ್ದಾರೆ. ಉಸಿರು 24 (2 ಅಂಕ), ಸ್ಯಾಚುರೇಷನ್ 93 (2), ಆಕ್ಸಿಜನ್ ಮೇಲಿದ್ದಾರೆ (2), ಬಿ.ಪಿ. 104 (1), ನಾಡಿ 112 (2), ಜ್ವರ 38.4 ಸೆಲ್ಸಿಯಸ್ (1). ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ, ಫೋನ್‌ನಲ್ಲಿ "ಬಿ.ಪಿ. 104 ಇದೆ ಸರ್" ಎಂದರೆ ನಿದ್ದೆಗಣ್ಣಿನ ಡಾಕ್ಟರ್ "ಆಯ್ತು, ನೋಡ್ತಿರಿ" ಎನ್ನುತ್ತಾರೆ. ಕೂಡಿಸಿದರೆ 10. ಒಟ್ಟು 7 ಮುಟ್ಟಿದರೇ ತುರ್ತು ಕರೆ, ನಿರಂತರ ನಿಗಾ. 5–6 ಇದ್ದರೆ, ಅಥವಾ ಯಾವುದಾದರೂ ಒಂದರಲ್ಲೇ 3 ಬಂದರೆ, ವೈದ್ಯರಿಗೆ ತಿಳಿಸಿ ಕನಿಷ್ಠ ಗಂಟೆಗೊಮ್ಮೆ ನೋಡಬೇಕು. 1ರಿಂದ 4 ಇದ್ದರೆ 4–6 ಗಂಟೆಗೊಮ್ಮೆ.

ಎರಡು ಎಚ್ಚರಿಕೆ. 16 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಈ ಪಟ್ಟಿ ಅಲ್ಲ. ಬಹುಕಾಲ ಬೀಡಿ ಸೇದಿ ಶ್ವಾಸಕೋಶ ಕೆಟ್ಟ ರೋಗಿಗಳಲ್ಲಿ ಕೆಲವರಿಗೆ ಸ್ಯಾಚುರೇಷನ್ ಗುರಿಯೇ 88–92; ಅವರಿಗೆ ಬೇರೆ ಮಾಪನವಿದೆ, ಅದನ್ನು ವೈದ್ಯರು ಕೇಸ್ ಶೀಟ್‌ನಲ್ಲಿ ಬರೆದ ಮೇಲೆಯೇ ಬಳಸಬೇಕು. ಇನ್ನೊಂದು ಮಾತು: ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸದೆ ಎಲ್ಲರಿಗೂ 20 ಎಂದು ಬರೆಯುವ ಅಭ್ಯಾಸ ಇದ್ದರೆ ಇಡೀ ಪಟ್ಟಿ ಸುಳ್ಳಾಗುತ್ತದೆ. ಮೇಲಿನ ರೋಗಿಯ ಒಟ್ಟು ಅಂಕದಲ್ಲಿ 2 ಅಲ್ಲೇ ಮಾಯ.

ಫೋನ್ ಮಾಡುವಾಗ ಕ್ರಮ ಇರಲಿ: ಯಾರು ಮಾತಾಡುತ್ತಿರುವುದು, ಯಾವ ಬೆಡ್, ಈಗ ಏನಾಗಿದೆ, ಹಿನ್ನೆಲೆ, ನಿಮಗೆ ಏನನ್ನಿಸುತ್ತದೆ, ಏನು ಬೇಕು. ಕೊನೆಯದನ್ನೇ ಎಲ್ಲರೂ ಬಿಡುವುದು. "14ನೇ ಬೆಡ್ ಸರ್, ಸ್ಕೋರ್ 6 ಇದ್ದದ್ದು 10ಕ್ಕೆ ಏರಿದೆ, ಸೆಪ್ಸಿಸ್ ಇರಬಹುದು ಅನ್ನಿಸುತ್ತೆ, ನೀವು ಈಗ ಬಂದು ನೋಡಬೇಕು" ಎಂದರೆ ಮುಗಿಯಿತು (ಸೆಪ್ಸಿಸ್ ಎಂದರೆ ಸೋಂಕಿನಿಂದ ಇಡೀ ದೇಹ ಕೆಡುವ ಸ್ಥಿತಿ). ಹೇಳಿದ ಸಮಯ, ಬಂದ ಉತ್ತರ ಎರಡನ್ನೂ ಬರೆಯಿರಿ. 15 ನಿಮಿಷದಲ್ಲಿ ಬರದಿದ್ದರೆ ಕನ್ಸಲ್ಟೆಂಟ್‌ಗೆ, ಅಲ್ಲೂ ಉತ್ತರ ಇಲ್ಲದಿದ್ದರೆ ವೈದ್ಯಕೀಯ ಅಧೀಕ್ಷಕರಿಗೆ. ಮೇಲಿನವರಿಗೆ ಫೋನ್ ಮಾಡುವುದು ಚಾಡಿ ಹೇಳುವುದಲ್ಲ, ನಿಯಮದ ಮುಂದಿನ ಹೆಜ್ಜೆ ಎಂಬುದು ಆ ಕಾಗದದಲ್ಲೇ ಇರಬೇಕು.

---

ಹೇಮಾವತಿ_ವಾರ್ಡ್ (ಹಾಸನ)

ತುಂಬಾ ಧನ್ಯವಾದ. 17ರ ಲೆಕ್ಕ ಬರೆದು ಸೋಮವಾರವೇ ಕೊಡ್ತೀನಿ. ಇನ್ನೊಂದು ಕೇಳಬೇಕು. ನಮ್ಮಲ್ಲಿ ಒಬ್ಬರಿಗೆ ಎಲ್ಲ 30 ರೋಗಿಗಳ ಇಂಜೆಕ್ಷನ್, ಒಬ್ಬರಿಗೆ ಎಲ್ಲರ ಬಿ.ಪಿ.–ಜ್ವರ, ಒಬ್ಬರಿಗೆ ಫೈಲ್ ಮತ್ತು ಡಿಸ್ಚಾರ್ಜ್ ಅಂತ ಹಂಚ್ತೀವಿ. ಬೇಗ ಮುಗಿಯುತ್ತೆ. ಇದನ್ನು ಬದಲಾಯಿಸಬೇಕಾ?

---

ಅಧೀಕ್ಷಕಿ_ನಿವೃತ್ತ (ಅರಸೀಕೆರೆ)

ಬದಲಾಯಿಸಮ್ಮ. ನಿನ್ನ ಮೂಲ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ ಅಂತ ನನಗನ್ನಿಸುತ್ತೆ.

ಕೆಲಸ ಹಂಚೋದು ನಿರ್ವಹಣೆಯ ತೀರ್ಮಾನ. ಆದರೆ ಆ ಹಂಚಿಕೆಯಲ್ಲಿ ಮುಂದಾಳಾಗುವ ಅವಕಾಶ ಯಾರಿಗೂ ಇಲ್ಲದ ಹಾಗೆ ಮಾಡಿಬಿಡಬಹುದು. ಇಂಜೆಕ್ಷನ್ ಕೊಟ್ಟವಳಿಗೆ ಬಿ.ಪಿ. ಗೊತ್ತಿಲ್ಲ, ಬಿ.ಪಿ. ನೋಡಿದವಳಿಗೆ ಮೂತ್ರ ಎಷ್ಟು ಹೋಗಿದೆ ಗೊತ್ತಿಲ್ಲ, ಫೈಲ್ ಹಿಡಿದವಳು ರೋಗಿಯ ಮುಖ ನೋಡಿಲ್ಲ. ಡಾಕ್ಟ್ರು ರೌಂಡ್ಸ್‌ಗೆ ಬಂದು "14ನೇ ಬೆಡ್ ಹೇಗಿದ್ದಾರೆ" ಅಂದರೆ ಮೂವರೂ ಮುಖ ಮುಖ ನೋಡ್ತಾರೆ. ಯಾರದೂ ಅಲ್ಲದ ರೋಗಿಗೋಸ್ಕರ ಯಾರೂ ಜಗಳ ಆಡಲ್ಲ. "ನನ್ನ ಪೇಷೆಂಟ್" ಅನ್ನುವವಳೇ ಫೋನ್ ಎತ್ತೋದು.

ಮಧ್ಯಾಹ್ನದ ನಾಲ್ಕು ಜನಕ್ಕೆ 30 ಹಾಸಿಗೆಯನ್ನು 7, 7, 8, 8 ಅಂತ ಎಣಿಸಿ ಕೊಡಬೇಡ, ಭಾರ ನೋಡಿ ಕೊಡು. ಓಡಾಡುವ ರೋಗಿಗೆ 1, ತಿನ್ನಿಸಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದವರಿಗೆ 2, ಆಕ್ಸಿಜನ್ ಮೇಲೆ ಗಂಟೆಗೊಮ್ಮೆ ನೋಡಬೇಕಾದವರಿಗೆ 3. ಕೂಡಿಸಿ ನಾಲ್ಕು ಸಮ ಪಾಲು ಮಾಡು. ಒಬ್ಬಳಿಗೆ 5 ರೋಗಿ ಬರಬಹುದು, ಇನ್ನೊಬ್ಬಳಿಗೆ 10. ಹಾಸಿಗೆಗಳು ಅಕ್ಕಪಕ್ಕದವೇ ಆಗಿರಲಿ, ಇಲ್ಲದಿದ್ದರೆ ನಡೆದೇ ಸಾಕಾಗುತ್ತೆ. ಹೊಸಬಳಿಗೆ ಕಷ್ಟದ ರೋಗಿ ಒಬ್ಬರನ್ನಾದರೂ ಕೊಡು, ಪಕ್ಕದ ಸಾಲಿಗೆ ಅನುಭವಸ್ಥಳನ್ನು ಹಾಕು. ಮೊದಲ ಎರಡು ವಾರ ಕೆಲಸ ನಿಧಾನ ಆಗುತ್ತೆ, ಇಂಜೆಕ್ಷನ್ ತಡ ಆಗುತ್ತೆ, "ಮುಂಚೆನೇ ಚೆನ್ನಾಗಿತ್ತು" ಅಂತ ಗೊಣಗಾಟ ಬರುತ್ತೆ. ಅಲ್ಲಿ ಹಿಂದೆ ಸರಿಯಬೇಡ. ಆ ಎರಡು ವಾರ ಮಾತ್ರ ಔಷಧದ ಹೊತ್ತಿಗೆ ನೀನೂ ಒಂದು ಸಾಲು ಹಿಡಿದುಕೋ.

ಕೆಳಗಿನವರಿಗೆ ಕೆಲಸ ಒಪ್ಪಿಸುವಾಗಲೂ ಯೋಚಿಸಬೇಕು. ಮಗ್ಗುಲು ಬದಲಿಸೋದನ್ನು ಅಟೆಂಡರ್‌ಗೆ ಹೇಳಬಹುದು. ಆದರೆ ಬೆನ್ನ ಕೆಳಗೆ ಚರ್ಮ ಕೆಂಪಾಗಿದೆಯಾ, ಬೆರಳಲ್ಲಿ ಒತ್ತಿದರೆ ಬಿಳುಪಾಗುತ್ತಾ ಅಂತ ನೋಡೋದು ನರ್ಸ್ ಕೆಲಸ. ಒಪ್ಪಿಸಿದ ಮೇಲೂ ಹೊಣೆ ಒಪ್ಪಿಸಿದವರದ್ದೇ.

ಪಾಳಿ ಬದಲಾಗುವಾಗ ಓವರ್ ಕೊಡೋದು (ರೋಗಿಗಳನ್ನು ಮುಂದಿನವರಿಗೆ ಒಪ್ಪಿಸೋದು) ಟೇಬಲ್ ಹತ್ತಿರ ಪುಸ್ತಕ ಓದಿ ಅಲ್ಲ, ಹಾಸಿಗೆ ಹತ್ತಿರ. ಮೊದಲು ಅತಿ ಕಷ್ಟದವರು, ಆಮೇಲೆ ಉಳಿದವರು. ಡ್ರಿಪ್ ಎಷ್ಟು ಉಳಿದಿದೆ, ಕ್ಯಾನುಲಾ ಜಾಗ ಊದಿದೆಯಾ, ಯೂರಿನ್ ಬ್ಯಾಗ್, ಬೆನ್ನು — ಇಬ್ಬರೂ ಕಣ್ಣಲ್ಲಿ ನೋಡಿ ಒಪ್ಪಿಕೊಳ್ಳಲಿ. ಎಚ್.ಐ.ವಿ., ಗರ್ಭಪಾತ, ವಿಷ ಸೇವನೆಯಂಥ ವಿಷಯ ಮಾತ್ರ ಒಳಗೆ, ಕಡೆಯವರ ಕಿವಿಗೆ ಬೀಳದ ಹಾಗೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟಕ್ಕೆ ಬಂದ ಹೊರ ರಾಜ್ಯದ ಕಾರ್ಮಿಕರು ವಾರ್ಡ್‌ನಲ್ಲಿರುತ್ತಾರೆ. ಅವರ ಭಾಷೆ ಬಲ್ಲ ಸಿಬ್ಬಂದಿ ಯಾವ ಪಾಳಿಯಲ್ಲಿದ್ದಾರೆ ಅಂತ ಮೊದಲೇ ಗುರುತು ಮಾಡಿಟ್ಟುಕೋ. ಅವರ ಎಂಟು ವರ್ಷದ ಮಗುವಿನ ಕೈಲಿ ಅಮ್ಮನ ಕಾಯಿಲೆ ಹೇಳಿಸಬಾರದು.

ತಪ್ಪು ವರದಿ ಮಾಡೋದು ಕೊನೆಯದು, ನನ್ನ ದೃಷ್ಟಿಯಲ್ಲಿ ದೊಡ್ಡದು. ಪೊಟ್ಯಾಶಿಯಂ ಕ್ಲೋರೈಡ್‌ನ 10 ಮಿ.ಲೀ. ಆಂಪೂಲ್, ಇಂಜೆಕ್ಷನ್ ನೀರಿನ ಆಂಪೂಲ್ ನೋಡೋಕೆ ಒಂದೇ ಥರ. ಪೊಟ್ಯಾಶಿಯಂ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವೇ ನಿಲ್ಲಬಹುದು. ಒಬ್ಬಳು ತಪ್ಪಾಗಿ ಕೈಗೆತ್ತಿಕೊಂಡು, ಲೇಬಲ್ ಓದಿ ವಾಪಸ್ ಇಟ್ಟಳು ಅಂದುಕೋ. ರೋಗಿಗೆ ಏನೂ ಆಗಿಲ್ಲ. ಅವಳು ಬಂದು ಹೇಳಿದಾಗ ನೀನು ಮೆಮೊ ಕೊಟ್ಟರೆ ಇನ್ನು ಮುಂದೆ ಯಾರೂ ಏನೂ ಹೇಳಲ್ಲ, ಆಂಪೂಲ್ ಅದೇ ಟ್ರೇನಲ್ಲೇ ಇರುತ್ತೆ. ಥ್ಯಾಂಕ್ಸ್ ಹೇಳಿ, ಅವತ್ತೇ ಪೊಟ್ಯಾಶಿಯಂ ಅನ್ನು ಟ್ರೇಯಿಂದ ತೆಗೆದು ಬೀಗದ ಡಬ್ಬಿಗೆ ಹಾಕಿ, ಕೆಂಪು ಸ್ಟಿಕ್ಕರ್ ಅಂಟಿಸಿ, ಇಬ್ಬರು ನೋಡದೆ ಬೆರೆಸುವ ಹಾಗಿಲ್ಲ ಅಂತ ಬರೆದು, ಮೂರು ಪಾಳಿಗೂ ನೀನೇ ಹೇಳು. ಅವಳ ಹೆಸರು ಬೇಡ. ನಾಯಕತ್ವ ತೋರಿಸಿ ಅಂತ ಯಾರಾದರೂ ಕೇಳಿದರೆ ಆ ಡಬ್ಬಿ ತೋರಿಸು.

---

ಕೈತೊಳೆ_ನರ್ಸ್ (ಹಾಸನ)

ಇನ್ಫೆಕ್ಷನ್ ಕಂಟ್ರೋಲ್ ಕಡೆಯಿಂದ ಸಣ್ಣ ಸೇರ್ಪಡೆ. ನಮ್ಮ ಹುದ್ದೆಗೆ ಯಾರ ಮೇಲೂ ಅಧಿಕಾರ ಇಲ್ಲ, ರಜೆ ಮಂಜೂರು ಮಾಡೋಕಾಗಲ್ಲ, ಆದರೂ ಸರ್ಜನ್‌ಗೆ ಕೈ ತೊಳೀರಿ ಅನ್ನಬೇಕು. ಹಾಗಾಗಿ ಇದು ಹೆಚ್ಚೂಕಡಿಮೆ ಪೂರ್ತಿ ನಾಯಕತ್ವದ ಕೆಲಸ. ಆದರೆ ಹ್ಯಾಂಡ್ ರಬ್ ಬಾಟಲಿ ವಾರ್ಡ್ ಬಾಗಿಲಲ್ಲಿ ಒಂದೇ ಇದ್ದರೆ ಎಷ್ಟು ತರಬೇತಿ ಕೊಟ್ಟರೂ ಯಾರೂ ಬಳಸಲ್ಲ. ಪ್ರತಿ ಹಾಸಿಗೆಯ ಕಾಲ ಬಳಿ ಒಂದು ತೂಗುಹಾಕಿದರೆ 20–30 ಸೆಕೆಂಡ್‌ನ ಕೆಲಸ ರೋಗಿಯ ಪಕ್ಕದಲ್ಲೇ ಮುಗಿಯುತ್ತೆ. ಆ ಬಾಟಲಿಗಳ ಇಂಡೆಂಟ್‌ಗೆ ನಿಮ್ಮಂಥ ಇನ್‌ಚಾರ್ಜ್ ಸಹಿ ಬೇಕು. ಕ್ಯಾನುಲಾ ಮೇಲೆ ಹಾಕಿದ ದಿನಾಂಕ–ಸಮಯ ಬರೆಯೋದು, ಬೇಡವಾದ ಯೂರಿನ್ ಕ್ಯಾಥೆಟರ್ "ಇವತ್ತು ತೆಗೀಬಹುದಾ ಸರ್" ಅಂತ ರೌಂಡ್ಸ್‌ನಲ್ಲಿ ದಿನಾ ಕೇಳೋದು, ಇವೆರಡನ್ನು ಮೊದಲು ಶುರು ಮಾಡಿ.

---

ಕ್ಲಿನಿಕಲ್_ಪಾಠ (ಚಿಕ್ಕಮಗಳೂರು)

ಸೋಮವಾರದ ಕಾಗದದ ಬಗ್ಗೆ. ಒಂದೇ ಪುಟ ಇರಲಿ. ಮೇಲೆ 12 ಡ್ಯೂಟಿ, 1.36, 17 ಅನ್ನುವ ಲೆಕ್ಕ. ಕೆಳಗೆ ಕಳೆದ ನಾಲ್ಕು ವಾರದ ರೋಸ್ಟರ್‌ನಿಂದ ಎಣಿಸಿದ ಮೂರು ಅಂಕಿ: ಕೊಡಲಾಗದ ವಾರದ ರಜೆ ಎಷ್ಟು, ಮೂವರ ಬದಲು ಇಬ್ಬರಿದ್ದ ರಾತ್ರಿ ಎಷ್ಟು, ಎರಡು ಪಾಳಿ ಸತತ ಮಾಡಿದವರು ಎಷ್ಟು ಸಲ. ಕೊನೆಗೆ ಎರಡು ಆಯ್ಕೆ, ಉತ್ತರಕ್ಕೆ ಒಂದು ದಿನಾಂಕ. "ಸಿಬ್ಬಂದಿ ತುಂಬಾ ಕಷ್ಟಪಡುತ್ತಿದ್ದಾರೆ" ಅನ್ನುವ ಸಾಲು ಬೇಡ, ಅಂಕಿಯೇ ಹೇಳುತ್ತೆ. ನಕಲು ಇಟ್ಟುಕೊಂಡು ಸ್ವೀಕೃತಿ ಸಹಿ ಹಾಕಿಸಿ.

ಜನ ಸಿಗುವವರೆಗೆ ಇರುವ 13ರಲ್ಲೇ ನ್ಯಾಯ ಮಾಡಬೇಕು. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆರೆದಿರುತ್ತೆ, ಊರು ತುಂಬಿರುತ್ತೆ, ಎಲ್ಲರಿಗೂ ಅದೇ ವಾರ ರಜೆ ಬೇಕು. ಆ ರೋಸ್ಟರ್ ನಾಲ್ಕು ವಾರ ಮುಂಚೆ ಗೋಡೆಗೆ ಬರಲಿ, ಪಕ್ಕದಲ್ಲೇ ಹೋದ ವರ್ಷ ಗೌರಿ–ಗಣೇಶ, ದೀಪಾವಳಿ, ಯುಗಾದಿಗೆ ಯಾರು ಡ್ಯೂಟಿ ಮಾಡಿದ್ದರು ಅನ್ನುವ ಪಟ್ಟಿಯೂ ಇರಲಿ. ಹೋದ ಸಲ ಮಾಡಿದವರಿಗೆ ಈ ಸಲ ಮೊದಲ ಆಯ್ಕೆ. ಅದಲುಬದಲು ಬೇಕಾದರೆ 24 ಗಂಟೆ ಮುಂಚೆ ಇಬ್ಬರ ಸಹಿಯೊಂದಿಗೆ ಬರೆದುಕೊಡಲಿ, ನೈಟ್ ಮುಗಿಸಿದವರು ಅದೇ ಬೆಳಿಗ್ಗೆ ನಿಲ್ಲುವ ಬದಲಾವಣೆಗೆ ಮಾತ್ರ ಒಪ್ಪಬೇಡಿ. ಆ ಹಬ್ಬಗಳಲ್ಲಿ ಒಂದು ದಿನದ ಡ್ಯೂಟಿಗೆ ನಿಮ್ಮ ಹೆಸರನ್ನೂ ಹಾಕಿಕೊಳ್ಳಿ, ಸಿಸ್ಟರ್.